ಮನೆಯವರು ಎಂದು ಬರೆದ ಸಾಲು

2016ರ ಏಪ್ರಿಲ್ 12, ಮಂಗಳವಾರ, ಬೆಳಿಗ್ಗೆ 10.40. ಬೀದರ ನಗರದ ಠಾಣೆಗೆ ನಾಲ್ಕು ಪುಟಗಳ ದೂರು ಬಂತು. ಹೊತ್ತು ತಂದವರು ವೈಜನಾಥ, ಬರಗಾಲದ ಹಳ್ಳಿಗಳಿಗೆ ಟ್ಯಾಂಕರ್ ನೀರು ಕಳಿಸುವ ಖಾಸಗಿ ಸಂಘವೊಂದರ ಕಾರ್ಯದರ್ಶಿ. ಮೊದಲ ಮೂರು ಪುಟ ಅವರ ಸಮಾಜಸೇವೆಯ ವರ್ಣನೆಗೇ ಹೋಗಿದ್ದವು. ಅಪರಾಧಕ್ಕೆ ಉಳಿದದ್ದು ಕೊನೆಯ ಪುಟದ ಆರು ಸಾಲು. ಔರಾದ ತಾಲ್ಲೂಕಿನ ಸಂತಪುರದ ಹೊರಗಿನ ಓಣಿಯೊಂದಕ್ಕೆ ಹೋಗಬೇಕಾದ ಟ್ಯಾಂಕರಿನ ಸರದಿ ಮಾರ್ಚ್ 28ರಿಂದ ದಿನಾ ಬೆಳಿಗ್ಗೆ ಕಂಪ್ಯೂಟರಿನಿಂದ ಮಾಯವಾಗುತ್ತಿದೆ. ವಿದೇಶಿ ಹ್ಯಾಕರುಗಳು ಒಳನುಗ್ಗಿದ್ದಾರೆ. ಅವರಿಗೆ ಬಾಗಿಲು ತೆರೆದವಳು ಗುತ್ತಿಗೆ ಆಪರೇಟರ್ ಗಿರಿಜಾಬಾಯಿ. ಅವಳನ್ನು ಇವತ್ತೇ ಬಂಧಿಸಬೇಕು.

ಇನ್ಸ್‌ಪೆಕ್ಟರ್ ಗೋರಖನಾಥ ಓದಿ ಮುಗಿಸಿ ಕನ್ನಡಕ ತೆಗೆದರು.

"ಆಕಿ ಮ್ಯಾಲ ಯಾಕ ಸಂಶಯ?"

"ಅಳಿಸಿದ್ದು ಆಕಿ ಪಾಸ್‌ವರ್ಡಿನಿಂದ್ರಿ."

"ಆಕಿನ್ನ ಕೇಳೀರೇನು?"

"ಕೇಳೋದೇನದರಿ ಅದರಾಗ? ಎರಡನೇ ತಾರೀಖಿಗೇ ಸಸ್ಪೆಂಡ್ ಮಾಡಿ ಮನಿಗೆ ಕಳಸೇವಿ."

"ಆಮ್ಯಾಲ ಅಳಿಸೋದು ನಿಂತದೇನು?"

"ಇಲ್ರಿ. ದಿನಾ ನಡದದ."

"ಆಕಿ ಪಾಸ್‌ವರ್ಡ್ ಬಂದ್ ಮಾಡೀರೇನು?"

ವೈಜನಾಥ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಅದೆಲ್ಲಾ ನಮ್ಮ ಮಾಣಿಕರಾವ ನೋಡ್ತಾನ್ರಿ. ಕಂಪ್ಯೂಟರ್ ಕೆಲಸ ಅವಂದು."

"ಎರಡು ವಾರ ಆತು. ಆ ಓಣಿ ಮಂದಿ ಏನ್ ಕುಡಿಲತ್ತಾರ?"

"ಕಂಪ್ಯೂಟರ್‌ದಾಗ ಇಲ್ಲದ ಟ್ರಿಪ್ ಕಳಸಲಿಕ್ಕೆ ನಮಗ ಬರಂಗಿಲ್ರಿ."

ಇಂಥ ಮಾತನ್ನು ಮುಖ ಕೆಡಿಸಿಕೊಳ್ಳದೆ ಆಡಬೇಕಾದರೆ ಮನುಷ್ಯ ಬಹಳ ವರ್ಷ ಕಾರ್ಯದರ್ಶಿಯಾಗಿರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರ ಅಡಿ ಎಫ್‌ಐಆರ್ ದಾಖಲಾಯಿತು, ಸಂಖ್ಯೆ 87/2016. ನಾಳೆಯಿಂದ ಆ ಓಣಿಯ ಸರದಿಯನ್ನು ಹಾಳೆಯ ಮೇಲೆ ಬರೆದು ಚಾಲಕನ ಕೈಗೆ ಕೊಡಿ ಎಂದು ಗೋರಖನಾಥ ಹೇಳಿದರು. ಪೆನ್ನಿಗೆ ಹೀಗೂ ಒಂದು ಉಪಯೋಗವಿದೆ ಎಂದು ಅವತ್ತೇ ತಿಳಿದವರಂತೆ ವೈಜನಾಥ ತಲೆಯಾಡಿಸಿದರು.

ಮಧ್ಯಾಹ್ನ 3ಕ್ಕೆ ಗಿರಿಜಾಬಾಯಿ ಬಂದಳು. ಚಿದ್ರಿಯವಳು, ಮೂವತ್ನಾಲ್ಕು ವಯಸ್ಸು, ಬಿ.ಎ. ಮಾಡಿದ್ದಳು. ಹೇಳಿಕೆ ಬರೆದುಕೊಂಡವಳು ಹೆಡ್ ಕಾನ್‌ಸ್ಟೆಬಲ್ ರೂತ. ಠಾಣೆಯ ಕಂಪ್ಯೂಟರ್ ಕೆಟ್ಟಾಗಲೆಲ್ಲ ಎಲ್ಲರೂ ರೂತಳನ್ನೇ ಕರೆಯುತ್ತಿದ್ದರು, ಬಡ್ತಿ ಬಂದಾಗ ಮಾತ್ರ ಅವಳ ಹೆಸರು ಯಾರಿಗೂ ನೆನಪಾಗುತ್ತಿರಲಿಲ್ಲ.

"ಪಾಸ್‌ವರ್ಡ್ ಯಾರಿಗರ ಹೇಳಿದ್ದೇನು?"

"ಇಲ್ರಿ. ಮಾಡಿಕೊಟ್ಟವರು ಮಾಣಿಕರಾವ ಸಾಹೇಬ್ರು. ಬದಲಿ ಮಾಡಬ್ಯಾಡ ಅಂದಿದ್ರು."

"ಮನ್ಯಾಗ ಯಾರ‍್ಯಾರು ಇರ್ತೀರಿ?"

"ನಾ, ಎರಡು ಹೆಣ್ಣು ಹುಡುಗೂರು. ಮನಿಯವರು ಪುಣೆದಾಗ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾರ. ಇಪ್ಪತ್ತನೇ ತಾರೀಖಿಗೆ ಹೊಸ ವರ್ಷದ ಗುತ್ತಿಗಿ ಪಟ್ಟಿಗೆ ಸಹಿ ಆಗ್ತದ್ರಿ. ಅದರಾಗ ನನ್ನ ಹೆಸರು ಇಲ್ಲಂದ್ರ ಹುಡುಗೂರ ಸಾಲಿ ಬಿಡಿಸಿ ನಾನೂ ಅಲ್ಲಿಗೇ ಹೋಗಬೇಕು." ಅವಳು ಸೆರಗನ್ನು ಬಿಗಿಮಾಡಿಕೊಂಡಳು. "ಇಟ್ಟಂಗಿ ಹೊರೋದಕ್ಕ ನನಗ ನಾಚಿಕಿ ಇಲ್ರಿ. ಕಳ್ಳಿ ಅನ್ನಿಸ್ಕೊಂಡು ಹೋಗೋದು ಆಗಂಗಿಲ್ಲ."

ಎಂಟು ದಿನ ಉಳಿದಿದ್ದವು.

13ರ ಬೆಳಿಗ್ಗೆ ಗೋರಖನಾಥ ಸಂತಪುರಕ್ಕೆ ಹೋದರು. ಓಣಿಯ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಮಂದಿ ಹೈದರಾಬಾದಿಗೋ ಪುಣೆಗೋ ಹೋಗಿದ್ದರು. ಉಳಿದವರು ಎರಡು ಕಿಲೋಮೀಟರ್ ಆಚೆಯ ಬಾವಿಯಿಂದ ಕೆಸರು ಸೋಸಿ ತರುತ್ತಿದ್ದರು. ಹಾಜಿರಾಬೀ ಎಂಬಾಕೆ ಬಾಡಿಗೆಯ ಪಾತ್ರೆಗಳ ವ್ಯಾಪಾರದವಳು. ಕೊಡ ಇಳಿಸದೆಯೇ ಮಾತಾಡಿದಳು.

"ಟ್ಯಾಂಕರ್ ನಮ್ಮ ಮುಂದಿಂದೇ ಹೋಗ್ತದ್ರಿ. ನಿಲ್ಲಂಗಿಲ್ಲ. ಲಿಸ್ಟಿನಾಗ ನೀವಿಲ್ಲ ಅಂತಾನ ಡ್ರೈವರ್. ಹಂಗಾದ್ರ ನಾವು ಎಲ್ಲಿ ಅದೇವಿ, ನೀವರ ಹೇಳ್ರಿ."

ಗೋರಖನಾಥ ಅಲ್ಲಿಂದಲೇ ವೈಜನಾಥರಿಗೆ ಫೋನು ಮಾಡಿ, ಹಾಳೆ ಬರೆಸಿ, ಟ್ಯಾಂಕರ್ ಬಂದು ನಿಲ್ಲುವ ತನಕ ಓಣಿಯಲ್ಲೇ ಕಾದರು.

ಅದೇ ದಿನ ಮಧ್ಯಾಹ್ನ 3.15ಕ್ಕೆ ಸಂಘದ ಬೀದರ ಕಚೇರಿಯಲ್ಲಿ ಪಂಚನಾಮೆ ಶುರುವಾಯಿತು. ಸರ್ವರ್ ಕೋಣೆ ಅಂದರೆ ಶೌಚಾಲಯದ ಪಕ್ಕದ ಉಗ್ರಾಣ. ಅಲ್ಲಿ ಇನ್ನೊಂದು ಕಂಪ್ಯೂಟರ್ ಇತ್ತು, ಅದಕ್ಕೆ ಕುಂಕುಮ ಹಚ್ಚಿ ಲಿಂಬೆಹಣ್ಣು ಕಟ್ಟಿದ್ದರು.

"ಇದು ನಮ್ಮ ಭದ್ರತಾ ಯಂತ್ರರಿ," ಅಂದರು ವೈಜನಾಥ. "ಫಾರಿನ್‌ದು."

ಯಂತ್ರ ಫಾರಿನ್ನಿನದಲ್ಲ. ಲಿನಕ್ಸ್ ಹಾಕಿದ ಮಾಮೂಲಿ ಡಬ್ಬಿ. ಅದರೊಳಗೆ ಸ್ನಾರ್ಟ್ ಎಂಬ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು, ಒಳಗಿನ ಬರವಣಿಗೆಯನ್ನು ತೆರೆದು ಓದಬಹುದಾದದ್ದು. ಕಂಪ್ಯೂಟರುಗಳ ನಡುವೆ ಓಡಾಡುವ ಮಾಹಿತಿಯನ್ನು ಮೂಸಿ ನೋಡಿ, ಅನುಮಾನ ಬಂದರೆ ಎಚ್ಚರಿಕೆ ಬರೆದಿಡುವುದು ಅದರ ಕೆಲಸ. ಹಾಕಿದವನು ಮಾಣಿಕರಾವ. ಹಲಬರ್ಗಾದವನು, ಭಾಲ್ಕಿಯಲ್ಲಿ ಮನೆ ಮಾಡಿದ್ದ, ದಿನಾ ರೈಲಿಗೆ ಬೀದರಕ್ಕೆ ಬರುವವನು, ವಯಸ್ಸು ನಲವತ್ತು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಮೂರು ಪೆನ್‌ಡ್ರೈವ್. ಪರದೆಯ ಮೇಲೆ ಸಾವಿರಾರು ಎಚ್ಚರಿಕೆಗಳನ್ನು ಉರುಳಿಸಿ ತೋರಿಸಿದ.

"ನೋಡ್ರಿ, ಎಲ್ಲಾ ಹೊರದೇಶದ ವಿಳಾಸ."

ರೂತ ಬಗ್ಗಿ ನೋಡಿದಳು. "ಇವು ಜಗತ್ತಿನಾಗ ಎಲ್ಲರ ಬಾಗಲಾನೂ ತಟ್ಟಿ ಹೋಗ್ತಾವಲ್ರಿ. ಒಳಗ ಬಂದದ್ದು ಒಂದೂ ಇಲ್ಲ."

"ಮೇಡಂ, ಅದು ಅಷ್ಟು ಹಗುರಕ ತಿಳಿಯೋ ವಿಷಯ ಅಲ್ರಿ," ಎಂದು ಮಾಣಿಕರಾವ ನಕ್ಕ. ಆ ನಗೆಯನ್ನು ರೂತ ಹದಿನಾಲ್ಕು ವರ್ಷದ ನೌಕರಿಯಲ್ಲಿ ಎಷ್ಟು ಮುಖಗಳ ಮೇಲೆ ನೋಡಿದ್ದಳೋ ಲೆಕ್ಕವಿಲ್ಲ.

"ಗಿರಿಜಾಬಾಯಿ ಪಾಸ್‌ವರ್ಡ್ ಯಾಕ ಬಂದ್ ಮಾಡಿಲ್ಲ?" ಗೋರಖನಾಥ ಕೇಳಿದರು.

"ಬಂದ್ ಮಾಡಿದ್ರ ಕಳ್ಳ ಸಿಗಂಗಿಲ್ಲಲ್ರಿ."

"ಇಲ್ಲೀತನಕ ಸಿಕ್ಕಾನೇನು?"

ಮಾಣಿಕರಾವ ಪರದೆಯ ಕಡೆ ತಿರುಗಿದ. ನಾವೇ ಇನ್ನೊಂದು ಕಾವಲು ಕೂಡಿಸುತ್ತೇವೆ ಎಂದು ರೂತ ಹೇಳಿದಾಗ ಅವನ ಮುಖ ಮತ್ತೆ ಅರಳಿತು. "ಹಾಕ್ರಿ. ನನಗ ಮೂರು ವಾರ ಹಿಡದಿತ್ತು. ತಗೋರಿ, ನನ್ನ ಸೆಟ್ಟಿಂಗ್ ಫೈಲ್ ಇದರಾಗ ಅದ. ಇದನ್ನೇ ಇಟ್ಟುಬಿಡ್ರಿ, ತಲಿ ಕೆಡಸ್ಕೋಬ್ಯಾಡ್ರಿ." ಒಂದು ಪೆನ್‌ಡ್ರೈವ್ ತೆಗೆದು ಧರ್ಮ ಮಾಡಿದವನಂತೆ ಅವಳ ಕೈಗೆ ಹಾಕಿದ. ರೂತ ಥ್ಯಾಂಕ್ಸ್ ಹೇಳಿ ಇಸಿದುಕೊಂಡಳು.

14ರಂದು ಅಂಬೇಡ್ಕರ್ ಜಯಂತಿ, ಕಚೇರಿಗಳಿಗೆ ರಜೆ. ರೂತ ಠಾಣೆಯ ಹಳೆಯ ಕಂಪ್ಯೂಟರೊಂದನ್ನು ಬಿಚ್ಚಿ ಧೂಳು ಊದಿ ಲಿನಕ್ಸ್ ಹಾಕಿದಳು. ಸ್ನಾರ್ಟ್ ಒಂದನ್ನೇ ಹಾಕಿದರೆ ನಡೆಯುವುದಿಲ್ಲ, ಅದಕ್ಕೆ ಮೊದಲು ನಾಲ್ಕಾರು ಬೇರೆ ತಂತ್ರಾಂಶ ಬೇಕು. ಅವು ಒಂದೊಂದಾಗಿ ಇಳಿಯುವಷ್ಟರಲ್ಲಿ ಕರೆಂಟು ಎರಡು ಸಲ ಹೋಯಿತು. ಮಧ್ಯಾಹ್ನ ಮಾಣಿಕರಾವನ ಫೈಲನ್ನು ತೆರೆದು ಓದಿದವಳು ಗೋರಖನಾಥರನ್ನು ಕರೆದಳು.

"ಸರ್, ಇದಕ್ಕ ಮೊದಲು ಒಂದು ಸಾಲು ಬರೀಬೇಕಾಗ್ತದ. ಹೋಮ್ ನೆಟ್ ಅಂತ. ಅಂದ್ರ ಮನಿಯವರು ಯಾರು ಅಂತ ತಿಳಿಸೋದು. ಅದರ ಹೊರಗಿನವರು ಒಳಗ ಕೈ ಹಾಕಿದ್ರ ಕೂಗ್ತದ. ಮಾಣಿಕರಾವ ಇಲ್ಲಿ ಬೀದರ, ಭಾಲ್ಕಿ, ಔರಾದ ಮೂರೂ ಕಚೇರಿ ಎಲ್ಲಾ ಕಂಪ್ಯೂಟರ್ ಮನಿಯವರು ಅಂತ ಬರದಾನ."

"ಅದರಾಗೇನು ತಪ್ಪು?"

"ತಪ್ಪಿಲ್ರಿ. ಎಲ್ಲರೂ ಹಂಗೇ ಬರೀತಾರ. ಆದ್ರ ಮನಿಯವರೇ ಕದ್ರ ಇದು ಬಾಯಿ ಬಿಡಂಗಿಲ್ಲ."

"ನೀ ಹ್ಯಾಂಗ ಬರೀತಿ?"

"ಸರ್ವರ್ ಒಂದೇ ಮನಿ. ಉಳಿದವರೆಲ್ಲಾ ಹೊರಗಿನವರು. ಕಾರ್ಯದರ್ಶಿ ಸಾಹೇಬ್ರೂ."

ಗೋರಖನಾಥ ಆ ದಿನ ಮೊದಲ ಸಲ ನಕ್ಕರು. ರೂತ ಒಂದು ಹೊಸ ನಿಯಮವನ್ನೂ ಬರೆದಳು: ಗಿರಿಜಾಬಾಯಿಯ ಹೆಸರಿನಲ್ಲಿ ಯಾರಾದರೂ ಸರದಿ ಅಳಿಸಿದರೆ ಆ ಕಂಪ್ಯೂಟರಿನ ವಿಳಾಸ ಮತ್ತು ಸಮಯ ದಾಖಲಾಗಬೇಕು.

15ರಂದು ಅದನ್ನು ಸಂಘದ ಉಗ್ರಾಣದಲ್ಲಿ ಇಟ್ಟರು. ಸರ್ವರಿನ ತಂತಿಯನ್ನು ಒಂದು ಹಳೆಯ ಹಬ್‌ಗೆ, ಅಂದರೆ ಹಲವು ತಂತಿ ಕೂಡುವ ಡಬ್ಬಿಗೆ, ಜೋಡಿಸಿ, ಅದರ ಮೂಲಕ ಎಲ್ಲ ಮಾಹಿತಿ ಕಾವಲಿನ ಕಂಪ್ಯೂಟರಿಗೂ ಕೇಳಿಸುವಂತೆ ಮಾಡಿದಳು. ಮಾಣಿಕರಾವ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತ ನೋಡಿದ. "ನನ್ನ ಫೈಲ್ ಇಟ್ರೇನು?" ಎಂದು ಮಾತ್ರ ಕೇಳಿದ. ರೂತ ಹೂಂ ಅಂದಳು.

16ರ ಬೆಳಿಗ್ಗೆ ಸರದಿ ಮಾಯವಾಗಿತ್ತು. ದಾಖಲೆಯಲ್ಲಿ ಏನೂ ಇರಲಿಲ್ಲ. ವೈಜನಾಥ ಠಾಣೆಗೆ ಫೋನು ಮಾಡಿ, ನಿಮ್ಮ ಹೆಣ್ಣುಮಗಳ ಆಟ ಸಾಕು, ಸೋಮವಾರದೊಳಗೆ ಆ ಆಪರೇಟರನ್ನು ಬಂಧಿಸದಿದ್ದರೆ ಮೇಲಿನವರ ತನಕ ಹೋಗುತ್ತೇನೆ ಎಂದರು. ರೂತ ಉಗ್ರಾಣಕ್ಕೆ ಹೋಗಿ ಎರಡು ತಾಸು ಕೂತಳು. ಕಚೇರಿಯಲ್ಲಿ ಸರ್ವರಿನ ವಿಳಾಸ ತಿದ್ದುವಾಗ ನಿಯಮದ ಕೊನೆಯ ಅರ್ಧವಿರಾಮ ಅಳಿಸಿಹೋಗಿತ್ತು, ಅಷ್ಟಕ್ಕೇ ಸ್ನಾರ್ಟ್ ಶುರುವಾಗದೆ ಮಲಗಿತ್ತು. ಅವಳು ತನ್ನನ್ನೇ ಬೈದುಕೊಂಡು ಅದನ್ನು ಸರಿಪಡಿಸಿ ಪರೀಕ್ಷೆ ಮಾಡಿದಳು. 17ರ ಬೆಳಿಗ್ಗೆ ಕರೆಂಟು ಇರಲಿಲ್ಲ.

18, ಸೋಮವಾರ, ಬೆಳಿಗ್ಗೆ 7.14. ಎಚ್ಚರಿಕೆ ಬಿತ್ತು. ವಿಳಾಸ ಭಾಲ್ಕಿ ಶಾಖೆಯದು. ಆ ಹೊತ್ತಿಗೆ ಗಿರಿಜಾಬಾಯಿ ಗೋರಖನಾಥರ ಸೂಚನೆಯಂತೆ ಬೀದರ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು, ಕೈಯಲ್ಲಿ ಫೋನೂ ಇರಲಿಲ್ಲ. ಭಾಲ್ಕಿ ಶಾಖೆ ತೆರೆಯುವುದು ಹತ್ತಕ್ಕೆ. ಬೀಗದ ಕೈ ಇರುವುದು ಇಬ್ಬರ ಹತ್ತಿರ, ಅವರಲ್ಲಿ ಒಬ್ಬ ಜವಾನ ಹಬ್ಬಕ್ಕೆ ಊರಿಗೆ ಹೋಗಿದ್ದ.

19ರ ಬೆಳಿಗ್ಗೆ 6.30ಕ್ಕೆ ಗೋರಖನಾಥ ಮತ್ತು ಕಾನ್‌ಸ್ಟೆಬಲ್ ಸಿಲಾಸ ಇಬ್ಬರು ಪಂಚರೊಂದಿಗೆ ಭಾಲ್ಕಿ ಶಾಖೆಯ ಎದುರಿನ ಹೋಟೆಲಿನಲ್ಲಿ ಕೂತರು. 6.50ಕ್ಕೆ ಮಾಣಿಕರಾವ ಬಂದು ಬೀಗ ತೆಗೆದು ಒಳಗೆ ಹೋದ. 7.12ಕ್ಕೆ ಬೀದರದಿಂದ ರೂತಳ ಫೋನು ಬಂತು. "ಬಿತ್ತು ಸರ್." ಅವರು ರಸ್ತೆ ದಾಟಿದರು.

ಲ್ಯಾಪ್‌ಟಾಪ್ ತೆರೆದಿತ್ತು. ಪರದೆಯ ಮೂಲೆಯಲ್ಲಿ ಗಿರಿಜಾಬಾಯಿಯ ಹೆಸರು. ಮಾಣಿಕರಾವ ತಾನು ಅಮಾಯಕ ಎನ್ನಲಿಲ್ಲ, ಹೆದರಲೂ ಇಲ್ಲ. ಅವನಿಗೆ ಬೇರೆ ಚಿಂತೆ.

"ನನ್ನ ಫೈಲ್ ಇಟ್ಟಿರಲಿಲ್ಲೇನ್ರಿ?"

"ಇಲ್ಲ."

"ಮತ್ತ ಯಾರು ಬರದ್ರು?"

"ರೂತ."

"ಆ ಹೆಂಗಸೇನು?" ಎಂದ. ಸಿಲಾಸ ಅವನ ತೋಳು ಹಿಡಿದು ಎಬ್ಬಿಸಿದ, ಅಗತ್ಯಕ್ಕಿಂತ ಸ್ವಲ್ಪ ಬಿಗಿಯಾಗಿಯೇ. ಲ್ಯಾಪ್‌ಟಾಪ್ ಜಪ್ತಿಯಾಯಿತು. ಪಂಚನಾಮೆ 8.05ಕ್ಕೆ ಮುಗಿಯಿತು.

ವಿಷಯ ತಿಳಿದ ವೈಜನಾಥ ಫೋನಿನಲ್ಲೇ ತಡವರಿಸಿದರು. "ಸಾಧ್ಯ ಇಲ್ರಿ. ಅವ ನಮ್ಮ ಮನುಷ್ಯ. ಒಳ್ಳೆ ಮನೆತನದವ." ಹಾಗಾದರೆ ಗಿರಿಜಾಬಾಯಿ ಯಾರ ಮನುಷ್ಯಳು ಎಂದು ಗೋರಖನಾಥ ಕೇಳಿದರು. ಆ ಕಡೆ ಲೈನ್ ಕಟ್ಟಾಯಿತು. ಮರುದಿನದ ಪಟ್ಟಿಯಲ್ಲಿ ಅವಳ ಹೆಸರು ಇರದಿದ್ದರೆ ಸುಳ್ಳು ದೂರಿನ ಬಗ್ಗೆ ಬೇರೆ ವರದಿ ಬರೆಯುವುದಾಗಿ ಲಿಖಿತ ಸೂಚನೆ ಹೋಯಿತು. ಸಂಜೆ ನಾಲ್ಕರೊಳಗೆ ವೈಜನಾಥರು ಅವಳ ಹೆಸರನ್ನು ಪಟ್ಟಿಗೆ ಏರಿಸಿ, ತಾವು ಮೊದಲಿನಿಂದಲೂ ಅವಳ ಪರ ಇದ್ದುದಾಗಿ ಹೇಳಿಕೊಂಡು ತಿರುಗತೊಡಗಿದ್ದರು.

ಮಾಣಿಕರಾವ ತನ್ನ ಹೇಳಿಕೆಯನ್ನು ತಾನೇ ವ್ಯಾಕರಣ ತಿದ್ದಿ ಬರೆಸಿದ. ದುಡ್ಡು ಮುಟ್ಟಿರಲಿಲ್ಲ. ಹನ್ನೊಂದು ವರ್ಷದ ನೌಕರಿ. ಸ್ನಾರ್ಟ್ ಹಾಕಿದ ದಿನ ಅದನ್ನು ಸಭೆಯಲ್ಲಿ ವಿವರಿಸಲು ಎದ್ದು ನಿಂತಿದ್ದನಂತೆ. ನಮ್ಮಲ್ಲಿ ಕದಿಯಲು ಏನಿದೆ, ಕೂತುಕೋ, ಎಂದಿದ್ದರಂತೆ ವೈಜನಾಥ. ಎಲ್ಲರೂ ನಕ್ಕಿದ್ದರಂತೆ.

"ಹನ್ನೊಂದು ವರ್ಷದಾಗ ಅವರು ನನಗ ಕೇಳಿದ್ದು ಒಂದೇ ಪ್ರಶ್ನಿರಿ. ಪ್ರಿಂಟರ್ ಯಾಕ ಬರವಲ್ದು ಅಂತ. ಕಳ್ಳತನ ಆದ್ರ ನನ್ನ ಕಿಮ್ಮತ್ತು ತಿಳೀತದ ಅಂದ್ಕೊಂಡೆ."

"ಸಂತಪುರದ ಆ ಓಣಿನೇ ಯಾಕ?"

"ಅರ್ಧ ಮಂದಿ ಊರು ಬಿಟ್ಟಾರ. ಗದ್ದಲ ಕಡಿಮಿ ಆಗ್ತದ ಅಂತ."

ಒಬ್ಬನ ಬೆಲೆ ತೋರಿಸಲಿಕ್ಕೆ ಒಂದು ಓಣಿ ಎರಡು ವಾರಕ್ಕೂ ಹೆಚ್ಚು ಕೆಸರು ಕುಡಿಯಬೇಕಾಯಿತು. ಹೀಗೆ ತೋರಿಸಬೇಕಾದ ಬೆಲೆ ಎಷ್ಟರದು ಎಂದು ಗೋರಖನಾಥ ಮನಸ್ಸಿನಲ್ಲೇ ಕೇಳಿಕೊಂಡರು. ಅವರು ಅದನ್ನು ಹೇಳಿಕೆಯಲ್ಲಿ ಬರೆಯಲಿಲ್ಲ.

ಗಿರಿಜಾಬಾಯಿಯನ್ನು ಒಂದು ಸಹಿಗಾಗಿ ಒಳಗೆ ಕರೆದಿದ್ದರು. ಅವಳು ಸಹಿ ಮಾಡಿ, ಪೆನ್ನು ಕೆಳಗಿಟ್ಟು, ಅವನ ಎದುರು ನಿಂತಳು.

"ಎಲ್ಲರ ಪಾಸ್‌ವರ್ಡೂ ನಿಮ್ಮ ಹಂತೇಲೆ ಇದ್ದವು. ನಂದೇ ಯಾಕ ತಗೊಂಡ್ರಿ?"

ಮಾಣಿಕರಾವ ಮೊದಲ ಸಲ ತಲೆ ತಗ್ಗಿಸಿದ.

"ನಿನ್ನ ಹೆಸರು ಬಂದ್ರ ಯಾರೂ ಎರಡನೇ ಮಾತು ಕೇಳಂಗಿಲ್ಲ ಅಂತ ಗೊತ್ತಿತ್ತು."

ಅವನ ಹೇಳಿಕೆಯಲ್ಲಿ ಪರಿಶೀಲಿಸುವ ಅಗತ್ಯವೇ ಇಲ್ಲದ ಮಾತು ಅದೊಂದೇ. ಕಚೇರಿಯಲ್ಲಿ ಇಪ್ಪತ್ತೆರಡು ಜನ ಇದ್ದರು, ಅವಳನ್ನು ಮನೆಗೆ ಕಳಿಸಿ ದೂರು ಕೊಡುವ ತನಕ ಹತ್ತು ದಿನ ಕಳೆದಿತ್ತು, ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ.