ಮೇಟಗಳ್ಳಿಯ ಮಾಸ್ತಿಕಲ್ಲು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ವಾಗೀಶ ಮೇಷ್ಟ್ರು ಕೊಡೆ ಮಡಚುವ ಮೊದಲೇ ದೂರು ಹೇಳತೊಡಗಿದರು. ಮೇಟಗಳ್ಳಿ ಹಳೇ ಊರಿನ ಮಾಸ್ತಿಕಲ್ಲು ಕಳುವಾಗಿತ್ತು. ಗಂಡನ ಚಿತೆಯೇರಿದ ಹೆಣ್ಣೊಬ್ಬಳ ನೆನಪಿಗೆ ಆರುನೂರು ವರ್ಷಗಳ ಹಿಂದೆ ನೆಟ್ಟ, ಮೊಣಕಾಲೆತ್ತರದ ಕಲ್ಲು. ನಿವೃತ್ತಿಯಾದ ಮೇಲೆ ಮೇಷ್ಟ್ರು ಭಾನುವಾರ ಭಾನುವಾರ ಆಸಕ್ತರನ್ನು ಕಟ್ಟಿಕೊಂಡು ಅಲ್ಲಿನ ಗುಡಿ, ವೀರಗಲ್ಲು, ಶಾಸನಗಳನ್ನು ತೋರಿಸುತ್ತಿದ್ದರು. ಆ ಕಲ್ಲೆಂದರೆ ಅವರಿಗೆ ಜೀವ.

"ಮಾರೋರ ಕೈ ಸೇರಿದ್ರೆ ಮುಗೀತು ಮೇಡಂ," ಎಂದು ಕಣ್ಣೊರೆಸಿಕೊಂಡರು.

ಇನ್ಸ್‌ಪೆಕ್ಟರ್ ಪ್ರೇಮಲೀಲಾ ಎಫ್‌ಐಆರ್ ದಾಖಲಿಸಿ, ಪೇದೆ ಅಮರೇಶನನ್ನೂ ಮೇಷ್ಟ್ರನ್ನೂ ಕರೆದುಕೊಂಡು ಸ್ಥಳಕ್ಕೆ ಹೋದರು. ಬೈಕ್ ಕಳ್ಳರೇ ಕೈಗೆ ಸಿಗುತ್ತಿಲ್ಲ, ಇದೊಂದು ಕಲ್ಲು ಬೇರೆ ಎಂದು ದಾರಿಯುದ್ದಕ್ಕೂ ಗೊಣಗಿದ್ದೂ ನಿಜ. ಆದರೆ ಪಂಚನಾಮೆ ಬರೆಸುವಾಗ ಗೊಣಗಾಟ ನಿಂತಿತು. ಕಲ್ಲು ಕಿತ್ತ ಗುಂಡಿಗೆ ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದಿದ್ದರು. ಪಕ್ಕದ ಮಣ್ಣಿನಲ್ಲಿ ಜಿಡ್ಡು. ಪ್ರೇಮಲೀಲಾ ಬೆರಳಿಗೆ ತಾಗಿಸಿ ಮೂಸಿದರು.

"ಹರಳೆಣ್ಣೆ ಕಣೋ."

"ನಮ್ಮವ್ವ ತಲೆಗೆ ತಿಕ್ತಿದ್ರು ಮೇಡಂ, ತಂಪಾಗ್ಲಿ ಅಂತ."

"ನೋಡು, ನಿನ್ನ ಕಳ್ಳ ಅಪ್ಪಣೆ ಕೇಳಿ, ತಲೆಗೆ ಎಣ್ಣೆ ಇಟ್ಟು ಕರ್ಕೊಂಡೋಗಿದಾನೆ." ಮೇಷ್ಟ್ರ ಕಡೆ ತಿರುಗಿದರು. "ಈ ಕಲ್ಲಿಗೆ ಎಣ್ಣೆ ಹಚ್ತಿದ್ದೋರು ಯಾರು?"

"ಹಚ್ಚಬಾರದು ಅಂತ ಬೋರ್ಡ್ ಹಾಕ್ಸಿದ್ದೀನಿ. ಹೋದ ತಿಂಗಳು ಸೋಪು ಹಾಕಿ ಉಜ್ಜಿಸ್ದೆ. ಆಮೇಲೇ ಕಲ್ಲಲ್ಲಿ ಕೆತ್ತಿದ ಬಳೆ ತೊಟ್ಟ ಕೈ ಕಾಣಿಸಿದ್ದು!"

"ಭಾನುವಾರ ಈ ಕಲ್ಲಿನ ಹೆಣ್ಣಿನ ಕತೆ ಹೇಳುವಾಗ ಊರಿನೋರು ಯಾರಾದ್ರೂ ಇದ್ರಾ?"

"ಸೊಪ್ಪು ಮಾರೋ ದಾಕ್ಷಾಯಣಮ್ಮ ಇದ್ರು. ನಿನ್ನೆ ಕೊನೇವರೆಗೂ ನಿಂತು, ಆ ಹುಡುಗಿಗೆ ವಯಸ್ಸೆಷ್ಟು ಅಂತ ಕೇಳಿದ್ರು. ಹದಿನಾರು ಇರಬಹುದು ಅಂದೆ."

ತಳ್ಳುಗಾಡಿಯ ಗಾಲಿ ಗುರುತು ಗುಂಡಿಯಿಂದ ನೇರ ಆಕೆಯ ಹಿತ್ತಿಲಿಗೇ ಹೋಗಿತ್ತು. ಕರಿಬೇವಿನ ಗಿಡದ ನೆರಳಲ್ಲಿ ಕಲ್ಲು ನಿಂತಿತ್ತು, ಮೇಲೊಂದು ಒದ್ದೆ ಟವೆಲು, ಪಕ್ಕದಲ್ಲಿ ದಾಕ್ಷಾಯಣಮ್ಮ.

"ಎತ್ತಿದ್ದು ಯಾರಮ್ಮ?"

"ಬೆಳಗಿನ ಶಿಫ್ಟಿಗೆ ಹೋಗೋ ಹುಡುಗ್ರು. ಒಸಿ ಕೈ ಹಾಕ್ರಪ್ಪ ಅಂದೆ, ಹಾಕುದ್ರು."

"ಯಾಕೆ ತಂದ್ರಿ?"

ದಾಕ್ಷಾಯಣಮ್ಮ ಮೇಷ್ಟ್ರನ್ನೇ ನೋಡಿದರು. "ನೀವೇ ಅಲ್ವಾ ಸ್ವಾಮಿ ಹೇಳಿದ್ದು? ಇಷ್ಟು ವರ್ಸ ದೇವ್ರು ಅಂತ ಎಣ್ಣೆ ಹಚ್ದೆ. ಬೆಂಕೀಲಿ ಬೆಂದ ಕೂಸು ಅಂತ ನಿನ್ನೆ ಗೊತ್ತಾಯ್ತು. ಅಂತಾ ಕೂಸನ್ನ ಉಜ್ಜಿ, ತಲೆಗೆ ಎಣ್ಣೆನೂ ಇಲ್ದಂಗೆ ಬಿಸ್ಲಲ್ಲಿ ನಿಲ್ಸಿಬುಟ್ರಲ್ಲಾ!"

ಆದರೂ ಪ್ರೇಮಲೀಲಾಗೆ ಕಾನೂನು ಕಾನೂನೇ. ಕಲ್ಲನ್ನು ಜಪ್ತಿ ಮಾಡಿ, ದಾಕ್ಷಾಯಣಮ್ಮನನ್ನು ಬಂಧಿಸಿ, ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಠಾಣೆಗೆ ಬಂದರು; ಮೇಷ್ಟ್ರು ಹಿಂದೆ ಕಲ್ಲಿನ ಪಕ್ಕ ಕೂತು ಬಂದರು. ಕಲ್ಲನ್ನು ಅಂಗಳದಲ್ಲಿ ಇಳಿಸಿದರು.

"ಅಲ್ಲಿ ಬಿಸ್ಲು ಬೀಳ್ತದೆ ಕಣವ್ವ," ಎಂದು ದಾಕ್ಷಾಯಣಮ್ಮ ಬೆಂಚಿನಿಂದಲೇ ಹೇಳಿದರು.

ಪ್ರೇಮಲೀಲಾ ಕೇಸ್ ಡೈರಿಯಲ್ಲಿ ಬರೆದರು: 'ಲಾಭದ ಉದ್ದೇಶವಿಲ್ಲ. ಹುಡುಗಿಗೆ ಬಿಸಿಲು ತಾಗುತ್ತದೆಂದು ಒಯ್ದಿದ್ದಾರೆ.' ಕಲ್ಲಿಗೆ ಎಂದು ತಿದ್ದಬೇಕಿತ್ತು, ತಿದ್ದಲಿಲ್ಲ.

ತಲೆಯೆತ್ತಿದಾಗ ಅಂಗಳದ ಕಲ್ಲಿನ ಮೇಲೆ ಕೊಡೆಯೊಂದು ಬಿಚ್ಚಿಕೊಂಡಿತ್ತು. ವಾಗೀಶ ಮೇಷ್ಟ್ರು ತಲೆಗೆ ಕರವಸ್ತ್ರ ಹಾಕಿಕೊಂಡು ಬಸ್ ಸ್ಟಾಪಿನತ್ತ ನಡೆದಿದ್ದರು.