ದೇವರು ಒಯ್ದ ಗಂಟೆ

ಪಾತಾಳಗರಡಿ ಮತ್ತೊಮ್ಮೆ ಶಾಲೆಯ ಬಾವಿಯಿಂದ ಮೇಲೆ ಬಂತು. ಕೊಕ್ಕೆಗೆ ಸಿಕ್ಕಿದ್ದು ಯಾರದೋ ಹಳೇ ತಾಮ್ರದ ಕೊಡ.

“ಇದೂ ಗಂಟೆ ಅಲ್ಲ, ಸಾಹೇಬ್ರೆ,” ಎಂದ ಪೊಲೀಸ್ ಗನಿ.

“ಕೊಡ ಅಂತ ನನಗೂ ಕಾಣ್ತೈತಿ,” ಎಂದರು ಫೌಜದಾರ ಮಡಿವಾಳಪ್ಪ.

1936ರ ಫೆಬ್ರುವರಿ. ಶಿರಸಿಯ ಪಾದ್ರಿ ಶಾಲೆಯ ಕಂಚಿನ ಗಂಟೆ ಕಳುವಾಗಿದೆಯೆಂದು ಮುಖ್ಯ ಮಾಸ್ತರ ದಾನಿಯೇಲರು ಬೆಳಿಗ್ಗೆ ಫಿರ್ಯಾದಿ ಕೊಟ್ಟಿದ್ದರು. ಕಂಡವಳು ಒಬ್ಬಳೇ: ಮೂರನೇ ಇಯತ್ತೆಯ ಕುಬ್ರಾ, ಬಾಡಿಗೆ ಗಾಡಿ ಹೊಡೆಯುವ ದಾವೂದನ ಮಗಳು. “ದೇವರು ತಗೊಂಡು ಹೋದ,” ಎಂದಿದ್ದಳು. ಬೈಬಲ್ ಪಾಠ ಇಷ್ಟು ಬೇಗ ತಲೆಗೆ ಹತ್ತಿತಲ್ಲ ಎಂದು ಮಾಸ್ತರರು ಅವಳ ಬೆನ್ನು ತಟ್ಟಿದ್ದರು.

ಮಡಿವಾಳಪ್ಪನವರಿಗೆ ಮಾತ್ರ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಹುಡುಗಿಯನ್ನು ಕರೆಸಿದರು.

“ನಿಮ್ಮ ಮನ್ಯಾಗ ದೇವರಿಗೆ ಏನಂತೀರವ್ವಾ?”

“ಅಲ್ಲಾ ಅಂತೀವಿ.”

“ಮತ್ತ ದೇವರು ಒಯ್ದ ಅಂದಿ?”

“ದೇವರು ಅಂದ್ರೆ ತಿಮ್ಮಿಯ ಅಪ್ಪನ ಹೆಸರು. ಊರ ಹೊರಗಿನ ಕೇರಿಯವ್ನು.” ಅಷ್ಟೂ ಗೊತ್ತಿಲ್ಲವೇ ಎನ್ನುವಂತೆ ನೋಡಿದಳು.

ಗನಿ ಬಾವಿಯ ಕಡೆ ಮುಖ ತಿರುಗಿಸಿ ನಕ್ಕ. ಮಾಸ್ತರರು ನಗಲಿಲ್ಲ.

ದೇವರ ಹಿತ್ತಿಲ ಹುಲ್ಲಿನ ಬಣವೆಯಲ್ಲಿ ಗಂಟೆ ಸಿಕ್ಕಿತು. ಸದ್ದಾಗದಂತೆ ಅದರ ನಾಲಿಗೆಗೆ ಹಳೇ ಲಂಗದ ಚೂರು ಸುತ್ತಿತ್ತು. ಪಂಚರನ್ನು ಕರೆದು ಪಂಚನಾಮೆ ಬರೆದದ್ದಾಯಿತು.

“ಮಾರಾಕ ಒಯ್ದ್ಯಾ?”

“ಮಾರೂಕಲ್ಲ, ಒಡೆಯಾ. ಗಂಟೆ ಕೇಳಿದ ಕೂಡ್ಲೆ ಮಗಳು ಶಾಲೆಗೆ ಓಡ್ತದೆ. ಮಾಸ್ತರು ಬಾಗ್ಲಿಂದ್ಲೇ ತಿರುಗಿಸ್ತಾರೆ. ದಿನಾ ಅತ್ಕಂಡು ಬರ್ತದೆ. ಗಂಟೆ ಇಲ್ದಿದ್ರೆ ಮರೀತದೆ ಅಂದ್ಕಂಡೆ.”

“ಮರೆತಳೇನು?”

“ಎಲ್ಲಿ. ಇವತ್ತು ಗಂಟೆ ಇಲ್ದೇನೂ ಹೋಗ್ಯದೆ.”

ದಸ್ತಗಿರಿ ಮಾಡಿ, ಗಂಟೆಯ ಗುರುತು ಹಿಡಿಸಲು ಅವನನ್ನು ಶಾಲೆಗೆ ಕರೆತಂದರು. ಕಿಟಕಿಯ ಹೊರಗೆ ನಿಂತ ತಿಮ್ಮಿ ಒಳಗಿನವರ ಜೊತೆ ಮಗ್ಗಿ ಹೇಳುತ್ತಿದ್ದಳು. ಅಪ್ಪನ ಕೈಯ ಹಗ್ಗ ಕಂಡು ನಿಲ್ಲಿಸಿದಳು.

“ಆ ಕೇರಿಯ ಮಗುವನ್ನ ಒಳಗೆ ಕೂರಿಸಿದರೆ ಪೇಟೆಯವರು ತಮ್ಮ ಮಕ್ಕಳನ್ನ ಬಿಡಿಸ್ತಾರೆ, ಫೌಜದಾರರೇ,” ಎಂದರು ದಾನಿಯೇಲರು.

“ಕುಬ್ರಾನ ಅಪ್ಪ ದಾವೂದ ಹಂಗಂದನೇನ್ರಿ?”

“ಅವನು ಅಂದಿಲ್ಲ.”

ಮಾಸ್ತರರು ಲಂಗದ ಚೂರನ್ನು ಗಂಟೆಯ ನಾಲಿಗೆಯಿಂದ ಬಿಚ್ಚಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು. “ಫಿರ್ಯಾದಿ ಹಿಂದಕ್ಕೆ ತಗೋತೇನೆ. ತಿಮ್ಮಿ ಜಗಲಿ ಮೇಲೆ ಕೂತು ಕಲೀಲಿ. ಒಪ್ಪಿಗೆಯೇನು?”

ದೇವರು ಹಗ್ಗ ಕಟ್ಟಿದ ಕೈಗಳನ್ನೇ ಮುಗಿದ. ಆಗಲಿ ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಒಳಗೆ ಕುಬ್ರಾ ಬೆಂಚಿನ ಮೇಲೆ ಸರಿದು ಕೂತಳು. ಅವಳ ಪಕ್ಕದವಳೂ ಗೊಣಗುತ್ತ ಸರಿದಳು. ನಡುವೆ ಒಬ್ಬಳು ಕೂರುವಷ್ಟು ಜಾಗ.

ತಿಮ್ಮಿ ಆ ಜಾಗ ನೋಡಿದಳು, ಜಗಲಿ ನೋಡಿದಳು.

“ಜಗಲಿ ಬ್ಯಾಡ,” ಎಂದಳು.