ಹತ್ತು ಸಲ ಸೊನ್ನೆ ಪಾಯಿಂಟ್ ಒಂದು

"ಇದನ್ನ ಟೈಪ್ ಮಾಡಿದವರು ಯಾರು?"

ಮೌಲಾಹುಸೇನನ ದನಿಗೆ ಶಹಜಾನಬಿ ತಲೆಯೆತ್ತಿದಳು. ೧೯೮೭ರ ಕೊಟ್ಟೂರು, ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆ, ಇದ್ದುದೊಂದೇ ಕಂಪ್ಯೂಟರು. ಕಲಿಸುವವನು ಅವನು, ಟೈಪು ಮಾಡಿದವಳು ಇವಳೇ!

ಅವನು ಬರೆದುಕೊಟ್ಟ ಪ್ರೋಗ್ರಾಂ ಸರಳ. ಸೊನ್ನೆ ಪಾಯಿಂಟ್ ಒಂದನ್ನು ಹತ್ತು ಸಲ ಕೂಡಿಸು, ಮೊತ್ತ ಒಂದಾದರೆ 'ಸಮ' ಎಂದು ತೋರಿಸು. ಪರದೆಯ ಮೇಲೆ ಮೊತ್ತ ಒಂದು ಎಂದೇ ಇದೆ... ಅದರ ಕೆಳಗೇ 'ಸಮ ಅಲ್ಲ' ಎಂದೂ ಬಂದಿದೆ!

"ಲಕ್ಷ್ಯ ಎಲ್ಲಿತ್ತು?" ಎಂದುಬಿಟ್ಟ, ಎಲ್ಲರೆದುರಿಗೆ.

ಎಲ್ಲಿತ್ತು... ಅವನ ಮೇಲೇ ಇತ್ತು! ಸಂಜೆ ಅವನ ತಾಯಿ ಅಜೀಜಬಿ ಉಜ್ಜಿನಿಯಿಂದ ಇವಳ ಮನೆಗೇ ಹೆಣ್ಣು ಕೇಳಲು ಬರುವವಳಿದ್ದಳು. ನನ್ನನ್ನು ನಂಬದವನ ಜೊತೆ ಬದುಕುವುದು ಹೇಗೆ? ಬೇಡವೆಂದೇ ಹೇಳಿಬಿಡುತ್ತೇನೆ ಎಂದುಕೊಂಡು, ಕಣ್ಣೊರೆಸುತ್ತ ಅಪ್ಪನ ಗ್ಯಾರೇಜಿಗೆ ನಡೆದಳು.

ಹಸನ್ ಸಾಬ್ ಪಂಪ್‌ಸೆಟ್ಟಿನ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ಪಿಸ್ಟನ್ನನ್ನು ಸಿಲಿಂಡರಿಗೆ ಇಳಿಸಿ, ಸಂದಿಯಲ್ಲಿ ಕಾಗದದಷ್ಟು ತೆಳುವಾದ ಉಕ್ಕಿನ ಅಳತೆಪಟ್ಟಿ, ಗೇಜು, ತೂರಿಸಿದ. ಎರಡೂ ಸಮ ಆದವೇ ಎಂದು ಮಗಳು ಮೂಗೊರೆಸುತ್ತ ಕೇಳಿದಳು.

"ಪೂರಾ ಸಮ ಇದ್ರ ಎಂಜಿನ್ ಹಿಡಕಂಡು ನಿಂತ್ಬಿಡತೈತಿ, ಬೇಟಿ. ಸಂದಿ ಎಷ್ಟೈತಿ ನೋಡ್ಬೇಕು. ಈ ಗೇಜಿನಷ್ಟಿದ್ರ ಓಡತೈತಿ."

ಸಂದಿ ನೋಡಬೇಕು! ಹುಡುಗಿ ಓಡಿದ್ದೇ ಓಡಿದ್ದು, ಚಪ್ಪಲಿ ಗ್ಯಾರೇಜಿನಲ್ಲೇ ಉಳಿದವು.

ಕೋಣೆಯಲ್ಲಿ ಮೌಲಾಹುಸೇನ ಒಬ್ಬನೇ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ತಾನೇ ಎರಡು ಸಲ ಟೈಪು ಮಾಡಿದ್ದನಂತೆ, ಎರಡು ಸಲವೂ 'ಸಮ ಅಲ್ಲ'!

ಮೊತ್ತದಲ್ಲಿ ಒಂದನ್ನು ಕಳೆದು ನೋಡಿ ಎಂದಳು. ಕಳೆದ. ಸೊನ್ನೆ ಬರಲಿಲ್ಲ... ಪಾಯಿಂಟಿನ ಆಚೆ ಆರು ಸೊನ್ನೆ ದಾಟಿದ ಮೇಲೆ ಒಂದು ಚೂರು ಉಳಿದಿತ್ತು. ಸೊನ್ನೆ ಪಾಯಿಂಟ್ ಒಂದನ್ನು ಯಂತ್ರ ತನ್ನೊಳಗೆ ಪೂರ್ತಿ ಸರಿಯಾಗಿ ಇಟ್ಟುಕೊಳ್ಳಲಾರದು. ಪ್ರತಿ ಸಲದ ಹೆಚ್ಚುಕಡಿಮೆ ಸೇರಿ ಸೇರಿ ಆ ಚೂರಾಗಿತ್ತು.

ಸಮವೇ ಎಂದು ಕೇಳುವ ಸಾಲನ್ನು ಅವಳು ಅಳಿಸಿದಳು. ಅಂತರ ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಒಂದಕ್ಕಿಂತ ಕಡಿಮೆಯೇ ಎಂದು ಟೈಪು ಮಾಡಿದಳು.

'ಸಮ'!

ಅವನ ಕಣ್ಣು ಪರದೆಯ ಮೇಲಿರಲಿಲ್ಲ.

"ತಪ್ಪು ನಂದು, ಶಹಜಾನ. ಸಂಜಿ ಬಸ್ಸಿಗೆ ಅಮ್ಮ ಬರ್ತಾಳ. ನಿಮ್ಮನಿಗೆ ಕರಕಂಡು ಬರ್ಲೋ, ಹಂಗ ವಾಪಸ್ ಕಳಿಸ್ಲೋ?"

"ಸಿಟ್ಟು ಇನ್ನೂ ಐತ್ರಿ."

"ಎಷ್ಟೈತಿ?"

ಅವಳು ಎರಡು ಬೆರಳ ನಡುವೆ ಕೂದಲೆಳೆಯಷ್ಟು ಸಂದಿ ಹಿಡಿದು ತೋರಿಸಿದಳು.

"ಅಷ್ಟಿದ್ರ ಎಂಜಿನ್ ಓಡತೈತಿ ಅಂತಾರ ನಮ್ಮ ಅಬ್ಬಾ. ಕರಕಂಡು ಬರ್ರಿ."